ಜ್ವರ ಬಂದು ಮಲಗಿದ್ದವಳಿಗೂ ಹಸಿರು ಬೆಲ್ಟ್ ಬಂತು! ಒಳ್ಳೆಯ ಕ್ಲಾಸ್ ಹುಡುಕುವುದು ಹೇಗೆ?

ಪುಟ್ಟಿಯ ಅಮ್ಮ, ಮೈಸೂರು

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಂಟು ವರ್ಷ. ಶಾಲೆಯಲ್ಲೇ ವಾರಕ್ಕೆ ಎರಡು ದಿನ ಕರಾಟೆ ಕ್ಲಾಸ್ ಇತ್ತು, ಸೇರಿಸಿದ್ದೆವು. ಎಂಟು ತಿಂಗಳಲ್ಲಿ ಹಳದಿ, ಕಿತ್ತಳೆ ಎರಡು ಬೆಲ್ಟ್ ಆಯಿತು. ಒಂದೊಂದು ಟೆಸ್ಟಿಗೂ 1,200 ರೂಪಾಯಿ. ಮೂರನೇ ಟೆಸ್ಟಿಗೂ ದುಡ್ಡು ಕಟ್ಟಿದ್ದೆವು. ಆ ಭಾನುವಾರ ಅವಳಿಗೆ ಜ್ವರ, ಹೋಗಲಿಲ್ಲ. ಬುಧವಾರ ಶಾಲೆಯಿಂದ ಬಂದವಳು ಬ್ಯಾಗಿನಿಂದ ಹಸಿರು ಬೆಲ್ಟನ್ನೂ ಸರ್ಟಿಫಿಕೇಟನ್ನೂ ತೆಗೆದಳು. ಅದರಲ್ಲಿ ಭಾನುವಾರದ ತಾರೀಖು, ‘ಎ ಪ್ಲಸ್’ ಗ್ರೇಡು. "ಅಮ್ಮಾ, ಅವತ್ತು ನಾನು ಮಲಗಿದ್ದೆ ಅಲ್ವಾ?" ಎಂದು ಅವಳೇ ಕೇಳಿದಳು.

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಬಿಡಿಸಿದ್ದೇವೆ. ಅವಳಿಗೆ ಮಾತ್ರ ಇನ್ನೂ ಕಲಿಯುವ ಆಸೆ ಇದೆ. ಕರಾಟೆ, ಟೇಕ್ವಾಂಡೋ, ಜೂಡೋ, ಕಳರಿ, ಇವುಗಳಲ್ಲಿ ಯಾವುದು ಒಳ್ಳೆಯದು? ಕ್ಲಾಸ್ ನೋಡಲು ಹೋದಾಗ ಏನು ಗಮನಿಸಬೇಕು? ನನಗೆ ಇದರ ಗಂಧಗಾಳಿ ಇಲ್ಲ. ಮನೆಯವರು "ಬ್ಯಾಡ್ಮಿಂಟನ್‌ಗೆ ಹಾಕು, ಸಾಕು" ಎನ್ನುತ್ತಿದ್ದಾರೆ.

ಕಪ್ಪು ಕಾಫಿ, ಬೆಂಗಳೂರು

ಮೇಡಂ, ನಾನು 19 ವರ್ಷದಿಂದ ಕರಾಟೆ ಮಾಡುತ್ತಿದ್ದೇನೆ, ಶನಿವಾರ ಭಾನುವಾರ ಮಕ್ಕಳಿಗೆ ಕಲಿಸುತ್ತೇನೆ. ನಿಮ್ಮ ಕಥೆ ಓದಿ ನಾಚಿಕೆ ಆಯಿತು, ಆಶ್ಚರ್ಯ ಆಗಲಿಲ್ಲ. ಇಂಥ ಕಡೆಗಳಿಗೆ ನಾವು ‘ಬೆಲ್ಟ್ ಅಂಗಡಿ’ ಎನ್ನುತ್ತೇವೆ. ತಿಂಗಳ ಫೀಸು ಕಡಿಮೆ ಇಟ್ಟಿರುತ್ತಾರೆ, ಲಾಭವೆಲ್ಲ ಟೆಸ್ಟಿನಲ್ಲಿ. ಮೂರು ತಿಂಗಳಿಗೊಂದು ಟೆಸ್ಟು, ನೂರು ಮಕ್ಕಳು, ಯಾರೂ ಫೇಲಾಗುವುದಿಲ್ಲ. ಲೆಕ್ಕ ನೀವೇ ಹಾಕಿಕೊಳ್ಳಿ.

ಒಂದು ವಿಷಯ ಗೊತ್ತಿರಲಿ. ಈ ಬಣ್ಣದ ಬೆಲ್ಟುಗಳು ಋಷಿಮುನಿಗಳ ಕಾಲದವಲ್ಲ. ಜಿಗೋರೋ ಕಾನೋ 1882ರಲ್ಲಿ ಜೂಡೋ ಶುರು ಮಾಡಿದರು. ಕಪ್ಪು ಬೆಲ್ಟ್ ಕಟ್ಟುವ ರೂಢಿ ಅವರ ಶಾಲೆಯಿಂದಲೇ ಬಂದದ್ದು, ಕರಾಟೆಯವರು ಅದನ್ನು ಆಮೇಲೆ ತೆಗೆದುಕೊಂಡರು. ಹಳದಿ, ಕಿತ್ತಳೆ, ಹಸಿರು ಇವೆಲ್ಲ ಯುರೋಪಿನಲ್ಲಿ ಜೂಡೋ ಕಲಿಸುವಾಗ ಬೆಳೆದವು. ಇನ್ನು ಬ್ಲ್ಯಾಕ್ ಬೆಲ್ಟಿನ ಮೊದಲ ಹಂತಕ್ಕೆ ಜಪಾನಿಯಲ್ಲಿ ‘ಶೋದಾನ್’ ಎನ್ನುತ್ತಾರೆ, ಅಂದರೆ ಆರಂಭದ ಮೆಟ್ಟಿಲು. ಇಲ್ಲಿ ಅದನ್ನೇ ಕೊನೆಯ ಮೆಟ್ಟಿಲು ಎಂದು ಮಾರುತ್ತಾರೆ.

ಬೋರ್ಡಿನ ಮೇಲೆ ಬ್ರೂಸ್ ಲೀ ಚಿತ್ರ ಇದೆ ಎಂದು ಮರುಳಾಗಬೇಡಿ. ಆತ ಕಲಿತದ್ದು ವಿಂಗ್ ಚುನ್ ಕುಂಗ್‌ಫು, ಆಮೇಲೆ ತನ್ನದೇ ಜೀತ್ ಕುನೆ ಡೋ ಕಟ್ಟಿದ. ಅವನನ್ನು ಕರಾಟೆ ಮಾಸ್ಟರ್ ಮಾಡಿದ್ದು ನಮ್ಮೂರಿನ ಪೇಂಟರುಗಳು!

ಯಾವ ಕಲೆ ಎಂಬ ಪ್ರಶ್ನೆಗೆ ಬರುತ್ತೇನೆ. ಜೂಡೋ 1964ರಿಂದ (1968 ಒಂದು ಬಿಟ್ಟು), ಟೇಕ್ವಾಂಡೋ 2000ದಿಂದ ಒಲಿಂಪಿಕ್ಸ್‌ನಲ್ಲಿ ಪದಕದ ಆಟಗಳು. ಕರಾಟೆ ಟೋಕಿಯೋದಲ್ಲಿ ಒಂದೇ ಸಲ ಇತ್ತು, 2021ರಲ್ಲಿ ನಡೆಯಿತಲ್ಲ ಅದು. ಪ್ಯಾರಿಸ್‌ನಲ್ಲಿ ತೆಗೆದರು. ಕರಾಟೆಯಲ್ಲೂ ಒಂದೊಂದು ಮನೆತನ ಒಂದೊಂದು ಥರ. ಶೋಟೋಕಾನ್‌ನಲ್ಲಿ ಉದ್ದುದ್ದ ಹೆಜ್ಜೆ. ಗೋಜು ರ್‍ಯೂನಲ್ಲಿ ಹತ್ತಿರ ನಿಂತು ಮಾಡುವ ಕೆಲಸ, ಉಸಿರಾಟ ಜಾಸ್ತಿ. ಕ್ಯೊಕುಶಿನ್‌ನಲ್ಲಿ ಮೈಗೆ ನಿಜವಾಗಿ ಹೊಡೆಯುತ್ತಾರೆ, ಆದರೆ ಕೈಯಿಂದ ಮುಖಕ್ಕೆ ಹೊಡೆಯುವಂತಿಲ್ಲ. ಎಂಟು ವರ್ಷದ ಮಗುವಿಗೆ ಈ ವ್ಯತ್ಯಾಸ ಅಷ್ಟು ದೊಡ್ಡದಲ್ಲ. ಮಾಸ್ಟರ್ ಯಾರು ಎನ್ನುವುದೇ ದೊಡ್ಡದು.

ಬಾಳೆಹೊನ್ನೂರು ಹುಡುಗ

ಕಾಫಿ ಸರ್, ಮಾಸ್ಟರ್ ಯಾರು ಎನ್ನುವುದೇ ದೊಡ್ಡದು ಎಂದಿರಿ. ಎಲ್ಲರ ಗೋಡೆಯ ಮೇಲೂ ‘ಅಂತಾರಾಷ್ಟ್ರೀಯ ಚಿನ್ನದ ಪದಕ’ ಇರುತ್ತದೆ. ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು?

ಕಪ್ಪು ಕಾಫಿ, ಬೆಂಗಳೂರು

ಸುಮ್ನೆ ಕೇಳಿಬಿಡಿ: "ಆ ತೂಕದಲ್ಲಿ ಎಷ್ಟು ಜನ ಇದ್ದರು?" ಬಸ್ಸು ಮಾಡಿಕೊಂಡು ನೇಪಾಳಕ್ಕೋ ಗೋವಾಕ್ಕೋ ಹೋಗಿ, ಮೂರೇ ಜನ ಇರುವ ಗುಂಪಿನಲ್ಲಿ ಮೂವರಿಗೂ ಪದಕ ಹಾಕಿಸಿಕೊಂಡು ಬರುವ ಟೂರ್ನಿಗಳು ಬೇಕಾದಷ್ಟಿವೆ. ಊರಲ್ಲಿ ಫ್ಲೆಕ್ಸ್ ಮಾತ್ರ ದೊಡ್ಡದು. ಮುಂದೆ ಕ್ರೀಡಾ ಕೋಟಾದಲ್ಲಿ ಸೀಟು ಕೇಳಲು ಹೋದಾಗ ಆ ಕಾಗದ ನಡೆಯುವುದಿಲ್ಲ. ಮಾನ್ಯತೆ ಇರುವ ಸಂಸ್ಥೆ ನಡೆಸಿದ ಕೂಟದ್ದೇ ಬೇಕು.

ಟೇಕ್ವಾಂಡೋದಲ್ಲಿ ಪರೀಕ್ಷಿಸುವುದು ಸುಲಭ. ಟೇಕ್ವಾಂಡೋದ ಕೇಂದ್ರ ಸಂಸ್ಥೆಯಾದ ಕೊರಿಯಾದ ಕುಕ್ಕಿವಾನ್ ಕೊಡುವ ಬ್ಲ್ಯಾಕ್ ಬೆಲ್ಟ್ ಪತ್ರಕ್ಕೆ ನಂಬರ್ ಇರುತ್ತದೆ, ಅವರ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. 15 ವರ್ಷದೊಳಗಿನ ಮಕ್ಕಳಿಗೆ ಅವರು ‘ದಾನ್’ ಎಂಬ ದೊಡ್ಡವರ ಬ್ಲ್ಯಾಕ್ ಬೆಲ್ಟ್ ಹಂತ ಕೊಡುವುದಿಲ್ಲ, ಮಕ್ಕಳದ್ದಾದ ‘ಪೂಮ್’ ಕೊಡುತ್ತಾರೆ. ಆ ಬೆಲ್ಟು ಅರ್ಧ ಕೆಂಪು, ಅರ್ಧ ಕಪ್ಪು. ಬ್ರೆಜಿಲಿಯನ್ ಜುಜಿತ್ಸು ಇನ್ನೂ ಬಿಗಿ. 16 ತುಂಬುವವರೆಗೆ, ದೊಡ್ಡವರಲ್ಲಿ ಬಿಳಿಯ ನಂತರವೇ ಬರುವ ನೀಲಿ ಬೆಲ್ಟೂ ಇಲ್ಲ. ಹಾಗಾಗಿ ಅಲ್ಲಿ ಯಾರಾದರೂ "ಹತ್ತು ವರ್ಷದ ಬ್ಲ್ಯಾಕ್ ಬೆಲ್ಟ್" ಎಂದರೆ ಎದ್ದು ಬನ್ನಿ.

ಹಳೇ ಪೈಲ್ವಾನ, ದಾವಣಗೆರೆ

ತಂಗೀ, ನನಗೆ ಕರಾಟೆ ಗೊತ್ತಿಲ್ಲ. ಮಣ್ಣಿನಲ್ಲಿ ಬೆಳೆದವನು. ಆದರೂ ಒಂದು ಮಾತು ಹೇಳುತ್ತೇನೆ ನೋಡ್ರಿ.

ನಮ್ಮ ಗರಡಿ ಮನೆಯಲ್ಲಿ ಬೆಲ್ಟೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಹಾಗಾದರೆ ಉಸ್ತಾದ್ ಒಳ್ಳೆಯವನೋ ಅಲ್ಲವೋ ಎಂದು ಹೇಗೆ ತಿಳಿಯುತ್ತಿದ್ದರು? ಅವನು ಜೋಡಿ ಕಟ್ಟುವುದನ್ನು ನೋಡಿ. ಮೈಸೂರು ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವ ಕಾರ್ಯಕ್ರಮ ಅಂತಲೇ ಇರುತ್ತದಲ್ಲ, ಯಾರಿಗೆ ಯಾರು ಎದುರು ಎಂದು ಗೊತ್ತು ಮಾಡುವುದು. ತೂಕ, ವಯಸ್ಸು, ಎಷ್ಟು ವರ್ಷದ ಸಾಮು, ಎಲ್ಲ ನೋಡಿ ಕಟ್ಟಬೇಕು. ಗರಡಿಯಲ್ಲಿ ಅದು ದಿನಾ ನಡೆಯುತ್ತದೆ. ಒಳ್ಳೆಯ ಉಸ್ತಾದ್ ಹೊಸ ಹುಡುಗನನ್ನು ಮೊದಲು ಅವನಿಗಿಂತ ಬಲವಾದವನ ಜೊತೆ ಬಿಡುತ್ತಾನೆ, ಆದರೆ ಆ ಬಲವಾದವನಿಗೆ ಕಣ್ಣಲ್ಲೇ ಹೇಳಿರುತ್ತಾನೆ, ‘ಆಡಿಸು, ಕೆಡವಬೇಡ’ ಅಂತ. ಕೆಟ್ಟವನು ಮಜಾ ನೋಡಲು ಬಿಡುತ್ತಾನೆ.

ನನಗೆ ಸಿಕ್ಕವನು ಒಳ್ಳೆಯ ಉಸ್ತಾದ್, ನನ್ನ ಮೊದಲನೇ ವಾರ ಹಾಗೇ ಆಯಿತು. ನನಗೆ ಹನ್ನೊಂದು ವರ್ಷ. ದೊಡ್ಡ ಹುಡುಗನೊಬ್ಬ ಮೂರು ದಿನ ನನ್ನ ಹತ್ತಿರ ತಾನೇ ಬೀಳುತ್ತಿದ್ದ. ನಾನು ಕೆಡವಿದೆ ಅಂತಲೇ ತಿಳಿದಿದ್ದೆ. ನಾಲ್ಕನೇ ದಿನ ಬೆನ್ನಿಗೆ ಮಣ್ಣು ಹತ್ತಿಸಿದ. ಆ ಹೊತ್ತಿಗೆ ಅಂಜಿಕೆ ಹೋಗಿತ್ತು.

ಹಾಗಾಗಿ ನೀವು ಹೋದ ಕಡೆ ಬೋರ್ಡು ಓದಬೇಡಿ. ಗೋಡೆಗೆ ಒರಗಿ ಕೂತು, ಮಕ್ಕಳನ್ನು ಎದುರು ಬದುರು ನಿಲ್ಲಿಸುವ ಹೊತ್ತಿಗೆ ಕಾಯಿರಿ. ಯಾರ ಮುಂದೆ ಯಾರನ್ನು ನಿಲ್ಲಿಸುತ್ತಾನೆ ನೋಡಿ. ಅದರಲ್ಲಿ ಎಲ್ಲ ಇದೆ.

ಕಡಲ ಕರೆಯವ, ಮಂಗಳೂರು

ಪೈಲ್ವಾನರೇ, ನಮ್ಮ ಕಡೆ ಗರಡಿ ಎಂದರೆ ಕೋಟಿ ಚೆನ್ನಯರ ದೈವಸ್ಥಾನ. ಮೊದಲ ಸಾಲು ಓದಿ ಎರಡು ನಿಮಿಷ ತಲೆ ಕೆಡಿಸಿಕೊಂಡೆ!

ನಾನು ಹೇಳಬೇಕಾದದ್ದು ಹೆಂಚಿನ ಕಥೆ. ಶಾಲೆಯ ವಾರ್ಷಿಕೋತ್ಸವ, ನಾನು ಏಳನೇ ಕ್ಲಾಸು. ನಮ್ಮ ಕರಾಟೆ ಮಾಸ್ಟರ್ ಹೆಂಚು ಒಡೆಯುವ ಪ್ರದರ್ಶನ ಇಟ್ಟಿದ್ದರು. ಆ ಹೆಂಚುಗಳನ್ನು ವಾರ ಮೊದಲೇ ಆರಿಸಿ, ಬಿಸಿಲಿಗೆ ಒಣಗಿಸಿ, ಒಂದರ ಮೇಲೊಂದು ಇಡುವಾಗ ನಡುವೆ ಕಡ್ಡಿ ಸಿಕ್ಕಿಸಿ ಗಾಳಿ ಬಿಟ್ಟಿರುತ್ತಾರೆ. ಮೇಲಿನದು ಒಡೆದರೆ ಅದರ ಭಾರಕ್ಕೆ ಕೆಳಗಿನವು ತಾವೇ ಒಡೆಯುತ್ತವೆ. ಅವತ್ತು ಹಿಂದಿನ ರಾತ್ರಿ ಮಳೆ ಬಂದು ಹೆಂಚು ತೇವ ಕುಡಿದಿತ್ತು. ನನ್ನದು ಒಡೆಯಲಿಲ್ಲ, ಕೈ ಒಡೆಯಿತು. ಕಿರುಬೆರಳಿನ ಕೆಳಗಿನ ಎಲುಬು. ಮುಂದಿನ ಸಾಲಿನಲ್ಲಿ ಅಪ್ಪ ಚಪ್ಪಾಳೆ ತಟ್ಟುತ್ತಾ ಕೂತಿದ್ದರು.

ಹೆಂಚು, ಟ್ಯೂಬ್‌ಲೈಟ್, ಕೈ ಮೇಲೆ ಬೈಕ್ ಹತ್ತಿಸುವುದು, ಇಂಥ ಫೋಟೋ ಬ್ಯಾನರಿನಲ್ಲಿ ಇದ್ದರೆ ಆ ಕ್ಲಾಸಿಗೆ ಮಕ್ಕಳನ್ನು ಕಳಿಸಬೇಡಿ. ಅದು ಸರ್ಕಸ್ಸು.

ಫಿಸಿಯೋ, ಶಿವಮೊಗ್ಗ

ಮೇಲಿನವರ ಮಾತಿಗೆ ನನ್ನದೊಂದು ಸೇರಿಕೆ. ಮಕ್ಕಳ ಎಲುಬಿನ ತುದಿಯಲ್ಲಿ ಇನ್ನೂ ಬೆಳೆಯುವ ಮೆದು ಭಾಗ ಇರುತ್ತದೆ. ಹುಡುಗಿಯರಿಗೆ ಹೆಚ್ಚುಕಡಿಮೆ 13-15, ಹುಡುಗರಿಗೆ 15-17 ವಯಸ್ಸಿನವರೆಗೂ ಅದು ಗಟ್ಟಿಯಾಗುವುದಿಲ್ಲ. ನನ್ನ ಹತ್ತಿರ ಬರುವ ಕರಾಟೆ ಮಕ್ಕಳಲ್ಲಿ ಎದುರಾಳಿ ಹೊಡೆದು ಪೆಟ್ಟಾದವರು ಕಡಿಮೆ. ಕ್ಲಾಸಿನ ‘ಕಸರತ್ತಿ’ನಿಂದಲೇ ಪೆಟ್ಟಾದವರು ಜಾಸ್ತಿ. ಸಿಮೆಂಟ್ ನೆಲದ ಮೇಲೆ ಮುಷ್ಟಿ ಊರಿ ದಂಡ ಹೊಡೆಸುವುದು, ಕುಕ್ಕರುಗಾಲಿನಲ್ಲಿ ಹಾಲ್ ಸುತ್ತ ನಡೆಸುವುದು, ಕಾಲು ಅಗಲಿಸಿ ಕೂರಿಸಿ ಹಿಂದಿನಿಂದ ಒತ್ತುವುದು. ಕೊನೆಯದಂತೂ ನೋಡಿದ ತಕ್ಷಣ ಮಗುವನ್ನು ಎಬ್ಬಿಸಿ ಕರೆದುಕೊಂಡು ಬನ್ನಿ.

ಜೂಡೋದಂಥ ಬೀಳಿಸುವ ಕಲೆ ಕಲಿಸುವ ಕಡೆ ಮ್ಯಾಟ್ ಇರಲೇಬೇಕು, ಮ್ಯಾಟುಗಳ ನಡುವೆ ಸಂದು ಇರಬಾರದು. ಕಾಲ್ಬೆರಳು ಸಿಕ್ಕಿಕೊಳ್ಳುವುದು ಅಲ್ಲೇ. ಹೊಡೆತದ ಆಟವಾದರೆ ಹಲ್ಲಿನ ಗಾರ್ಡ್, ಮೊಣಕಾಲು ಕೆಳಗಿನ ಗಾರ್ಡ್ ಕೇಳಿ.

ಮಂಡಿ ನೋವು 43, ಹುಬ್ಬಳ್ಳಿ

ಮಕ್ಕಳ ನಡುವೆ ದೊಡ್ಡವನ ಪ್ರಶ್ನೆ, ಕ್ಷಮಿಸಿ. ವಯಸ್ಸು 43, ಬ್ಯಾಂಕ್ ಕೆಲಸ, ಹೊಟ್ಟೆ ಮುಂದೆ ಬಂದಿದೆ. ನಾನೂ ಸೇರಬಹುದಾ? ಮಗನ ಕ್ಲಾಸಿನಲ್ಲಿ ವಿಚಾರಿಸಿದೆ. "ಬನ್ನಿ ಸರ್, ಮಕ್ಕಳ ಬ್ಯಾಚಿನಲ್ಲೇ ಕೊನೆಯ ಸಾಲಿನಲ್ಲಿ ನಿಲ್ಲಿ" ಎಂದರು. ನನ್ನ ಮುಂದೆ ಮೂರನೇ ಕ್ಲಾಸಿನ ಹುಡುಗಿ ಬ್ರೌನ್ ಬೆಲ್ಟ್ ಕಟ್ಟಿ ನಿಂತಿದ್ದಳು. ಮರ್ಯಾದೆ ಪ್ರಶ್ನೆ.

ಕಪ್ಪು ಕಾಫಿ, ಬೆಂಗಳೂರು

ಮರ್ಯಾದೆ ಇರಲಿ ಸರ್, ಮಂಡಿ ಮುಖ್ಯ. ದೊಡ್ಡವರ ಬ್ಯಾಚ್ ಬೇರೆ ಇರುವ ಕಡೆ ನೋಡಿ. ಜುಜಿತ್ಸು ಜಿಮ್ಮುಗಳಲ್ಲಿ ನಿಮ್ಮ ವಯಸ್ಸಿನವರು ಇರುತ್ತಾರೆ. ಅಲ್ಲಿ ನೋವಾದರೆ ಕೈ ತಟ್ಟಿದರೆ ಸಾಕು, ಎದುರಿನವನು ಬಿಡಬೇಕು. ತಟ್ಟಿದ ಮೇಲೂ ಅರೆಗಳಿಗೆ ಹಿಡಿದುಕೊಂಡೇ ಇರುವ ಹುಡುಗರಿದ್ದರೆ, ಅವರಿಗೆ ಮಾಸ್ಟರ್ ಏನೂ ಹೇಳದಿದ್ದರೆ, ಅಲ್ಲಿಗೆ ಎರಡನೇ ದಿನ ಹೋಗಬೇಡಿ. ವರ್ಷದ ಫೀಸು ಒಂದೇ ಸಲ ಕಟ್ಟಬೇಡಿ. ನಮ್ಮ ವಯಸ್ಸಿನವರು ಮೂರನೇ ತಿಂಗಳಿಗೆ ನಿಲ್ಲಿಸುತ್ತಾರೆ ಎಂದು ಅವರಿಗೂ ಗೊತ್ತು.

ಹೆಸರು ಬೇಡ

ಒಂದು ಕಷ್ಟದ ವಿಷಯ. ಯಾರೂ ಎತ್ತಲಿಲ್ಲ ಎಂದು ಬರೆಯುತ್ತಿದ್ದೇನೆ. ಈ ಕಲೆಗಳಲ್ಲಿ ಮುಟ್ಟದೆ ಕಲಿಸಲು ಆಗುವುದಿಲ್ಲ. ಸೊಂಟ ತಿರುಗಿಸಬೇಕು, ಕಾಲು ಎತ್ತಿ ಹಿಡಿಯಬೇಕು. ಅದೇ ನೆಪ ಆಗುವುದೂ ಉಂಟು. ನನಗೆ ಹನ್ನೆರಡನೇ ವಯಸ್ಸಿನಲ್ಲಿ ‘ಟೂರ್ನಮೆಂಟ್ ಸ್ಪೆಷಲ್ ಕೋಚಿಂಗ್’ ಅಂತ ಒಬ್ಬಳನ್ನೇ ನಿಲ್ಲಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ಹೇಳಲು ಧೈರ್ಯ ಬರಲಿಲ್ಲ. ಕರಾಟೆ ಬೇಡ ಎಂದಷ್ಟೇ ಹೇಳಿದೆ. "ಅರ್ಧಕ್ಕೆ ಬಿಡುವ ಬುದ್ಧಿ" ಎಂದು ಬೈಸಿಕೊಂಡೆ.

ಬಾಗಿಲು ಮುಚ್ಚಿ ಕಲಿಸುವ ಕಡೆ ಕಳಿಸಬೇಡಿ. ‘ಪಾಲಕರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡು ಕಂಡರೆ ವಾಪಸ್ ಬನ್ನಿ. ಮಗು ಇದ್ದಕ್ಕಿದ್ದಂತೆ ಬೇಡ ಎಂದರೆ ಮೊದಲು ಬೈಯಬೇಡಿ, ಕೇಳಿ. 1098 ಮಕ್ಕಳ ಸಹಾಯವಾಣಿ, ಮಕ್ಕಳಿಗೂ ಹೇಳಿಕೊಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆ ಬಂದದ್ದು 2012ರಲ್ಲಿ. ನನ್ನ ಕಾಲಕ್ಕೆ ಅದೂ ಇರಲಿಲ್ಲ.

ಪುಟ್ಟಿಯ ಅಮ್ಮ, ಮೈಸೂರು

ನೀವು ಬರೆದದ್ದಕ್ಕೆ ಏನು ಹೇಳಬೇಕು ತಿಳಿಯುತ್ತಿಲ್ಲ. ರಾತ್ರಿಯೇ ಮಗಳನ್ನು ಕೂರಿಸಿಕೊಂಡು ಮಾತಾಡಿದೆ, ನಂಬರೂ ಹೇಳಿಕೊಟ್ಟೆ. ಥ್ಯಾಂಕ್ಸ್.

ಸ್ಟುಟ್‌ಗಾರ್ಟ್ ಕನ್ನಡತಿ

ನಾನಿರುವುದು ಜರ್ಮನಿಯಲ್ಲಿ. ಮಗ ಊರಿನ ಕ್ರೀಡಾ ಸಂಘದಲ್ಲಿ ಜೂಡೋ ಕಲಿಯುತ್ತಾನೆ. ಇಲ್ಲಿ ಇಂಥ ಸಂಘಕ್ಕೆ ‘ಫೆರೈನ್’ ಎನ್ನುತ್ತಾರೆ. ಲಾಭದ ವ್ಯವಹಾರ ಅಲ್ಲ. ಕಲಿಸುವವರು ಹಗಲು ಬೇರೆ ಕೆಲಸ ಮಾಡಿ ಸಂಜೆ ಬರುತ್ತಾರೆ. ಮಗನಿಗೆ ಕಲಿಸುವಾತ ಬೇಕರಿಯವನು. ಮಕ್ಕಳಿಗೆ ಕಲಿಸುವವರಿಂದ ಪೊಲೀಸ್ ದಾಖಲೆಯ ವಿಶೇಷ ಪತ್ರ ತರಿಸಿ ನೋಡುವ ಪದ್ಧತಿ ಇದೆ. ನಮ್ಮಲ್ಲೂ ಕೇಳಿದರೆ ತಪ್ಪೇನು? ಮನೆ ಬಾಡಿಗೆಗೆ ಕೊಡುವಾಗ ಇಷ್ಟೆಲ್ಲ ವಿಚಾರಿಸುತ್ತೇವೆ.

ಇನ್ನೊಂದು: ಮೊದಲ ಬೆಲ್ಟಿಗೂ ಬೀಳುವುದನ್ನು ತೋರಿಸಬೇಕು. ಮಗ ಎರಡು ತಿಂಗಳು ಬೀಳುವುದನ್ನೇ ಕಲಿತ. ನಮ್ಮತ್ತೆ ವಿಡಿಯೋ ಕಾಲ್‌ನಲ್ಲಿ ನೋಡಿ, "ಅಷ್ಟು ದೂರ ಹೋಗಿ ಬೀಳೋದು ಕಲಿತನಾ?" ಎಂದರು.

ನೇರ ಮಾತು, ತುಮಕೂರು

ಎಲ್ಲರೂ ಆಟದ ಬಗ್ಗೆ ಹೇಳುತ್ತಿದ್ದೀರಿ. ಹೆಣ್ಣುಮಗು, ಬೇಕಾದದ್ದು ಆತ್ಮರಕ್ಷಣೆ ಅಲ್ವಾ? ಕಟಾ ಅಂತ ಒಬ್ಬರೇ ನಿಂತು ಗಾಳಿಗೆ ಗುದ್ದುವ ಆ ಹೆಜ್ಜೆಗಳನ್ನು ಕುಣಿದರೆ ರಸ್ತೆಯಲ್ಲಿ ಏನು ಉಪಯೋಗ? ಸರ್ಕಾರಿ ಶಾಲೆಯಲ್ಲೇ ಆರನೇ ಕ್ಲಾಸಿನಿಂದ ಹೆಣ್ಣುಮಕ್ಕಳಿಗೆ ಮೂರು ತಿಂಗಳ ತರಬೇತಿ ಇದೆ, ರಾಣಿ ಲಕ್ಷ್ಮೀಬಾಯಿ ಹೆಸರಿನದ್ದು. ಅಷ್ಟು ಸಾಕು.

ಕಪ್ಪು ಕಾಫಿ, ಬೆಂಗಳೂರು

ಆ ತರಬೇತಿ ಒಳ್ಳೆಯದೇ. ಆದರೆ ಮೂರು ತಿಂಗಳಲ್ಲಿ ಕಲಿತದ್ದು ಮೂರು ತಿಂಗಳಲ್ಲಿ ಮರೆಯುತ್ತದೆ. ಎಂಟು ವರ್ಷದ ಮಗು ದೊಡ್ಡ ಗಂಡಸನ್ನು ಹೊಡೆದು ಕೆಡವುತ್ತದೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಜೋರಾಗಿ ಕೂಗುವುದು, ಕೈ ಬಿಡಿಸಿಕೊಂಡು ಓಡುವುದು, ಮನೆಗೆ ಬಂದು ಹೇಳುವುದು. ಈ ವಯಸ್ಸಿಗೆ ಅದೇ ರಕ್ಷಣೆ. ಕಟಾ ಬಗ್ಗೆ ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಎದುರಿಗೆ ಒಬ್ಬರೂ ಇಲ್ಲದೆ ವರ್ಷವಿಡೀ ಗಾಳಿಗೆ ಗುದ್ದಿಸುವ ಕ್ಲಾಸು ಪೂರ್ತಿ ಕ್ಲಾಸಲ್ಲ.

ಹಳೇ ಪೈಲ್ವಾನ, ದಾವಣಗೆರೆ

ಅದಕ್ಕೇ ಹೇಳಿದ್ದು, ಜೋಡಿ. ಮತ್ತೆ ತಂಗೀ, ಹುಡುಗಿ ಎಂದು ಕುಸ್ತಿ ಬಿಡಬೇಡಿ. ಹಳೇ ಗರಡಿಗಳಲ್ಲಿ ಹೆಣ್ಣುಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ, ಅದು ನಮ್ಮ ತಪ್ಪು. ಈಗ ಹಳಿಯಾಳದ ಕಡೆ ಹೋಗಿ ನೋಡಿ, ಹುಡುಗಿಯರು ಹೇಗೆ ಪಟ್ಟು ಹಾಕುತ್ತಾರೆ. ಸಾಕ್ಷಿ ಮಲಿಕ್ 2016ರಲ್ಲಿ ರಿಯೋದಿಂದ ಕಂಚು ತಂದದ್ದು ಕುಸ್ತಿಯಲ್ಲೇ.

ಪುಟ್ಟಿಯ ಅಮ್ಮ, ಮೈಸೂರು

ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ನಾಲ್ಕು ಕಡೆ ಹೋದೆವು.

ಮೊದಲನೆಯದು ಎಸಿ ಹಾಲ್, ಕನ್ನಡಿ ಗೋಡೆ. ಡೆಮೋ ಕ್ಲಾಸು ಇಪ್ಪತ್ತು ನಿಮಿಷ, ಆಮೇಲೆ ನಲವತ್ತು ನಿಮಿಷ ಆಫೀಸಿನಲ್ಲಿ ಪ್ಯಾಕೇಜಿನ ಮಾತು. ‘ಎರಡು ವರ್ಷದಲ್ಲಿ ಗ್ಯಾರಂಟಿ ಬ್ಲ್ಯಾಕ್ ಬೆಲ್ಟ್’ ಅಂತ ಬಣ್ಣದ ಚೀಟಿ. ಅದನ್ನು ಮಗಳು ವಿಮಾನ ಮಾಡಿದಳು.

ಎರಡನೆಯದು ಕಳರಿ. ನನಗೆ ತುಂಬಾ ಹಿಡಿಸಿತು. ಕೇರಳದ ಕಳರಿ ನೆಲದ ಮಟ್ಟಕ್ಕಿಂತ ಕೆಳಗೆ, 42 ಅಡಿ ಉದ್ದ 21 ಅಡಿ ಅಗಲದ ಗುಂಡಿಯಲ್ಲಿ ನಡೆಯುತ್ತದಂತೆ. ಇಲ್ಲಿ ತಾರಸಿಯ ಶೀಟ್ ಕೆಳಗೆ ಅಷ್ಟೇ. ಮೊದಲು ವರ್ಷಗಟ್ಟಲೆ ಮೈ ಪಳಗಿಸುವುದು, ಆಮೇಲೆ ಕೋಲು, ಆಮೇಲೆ ಕತ್ತಿ. ಗುರುಗಳೂ ಒಳ್ಳೆಯವರು. ಆದರೆ ಬೆಳಗ್ಗೆ ಐದೂವರೆಗೆ ಕ್ಲಾಸು, ಮನೆಯಿಂದ ಒಂಬತ್ತು ಕಿಲೋಮೀಟರ್. ನಮ್ಮ ಕೈಯಲ್ಲಿ ಆಗುವುದಿಲ್ಲ ಎಂದು ಒಪ್ಪಿಕೊಂಡುಬಿಟ್ಟೆವು.

ಮೂರನೆಯ ಕಡೆ ಒಬ್ಬ ಪುಟ್ಟ ಹುಡುಗ ಟಾಯ್ಲೆಟ್ಟಿಗೆ ಕೇಳಿದ. ‘ಐವತ್ತು ಮುಗಿಸಿ ಹೋಗು’ ಎಂದರು ಮಾಸ್ಟರ್. ಎಣಿಕೆ ಮೂವತ್ತಕ್ಕೆ ಬರುವಷ್ಟರಲ್ಲಿ ಚಡ್ಡಿಯಲ್ಲೇ ಆಗಿಹೋಯಿತು, ಪಾಪ. ಎಲ್ಲರೂ ನಕ್ಕರು, ಮಾಸ್ಟರೂ ನಕ್ಕರು. ನಾವು ಎದ್ದು ಬಂದೆವು.

ನಾಲ್ಕನೆಯದು ಜೂಡೋ. ಕಲ್ಯಾಣ ಮಂಟಪದ ಹಿಂದಿನ ಹಳೇ ಊಟದ ಹಾಲ್, ಒಗ್ಗರಣೆ ವಾಸನೆ ಇನ್ನೂ ಇದೆ. ಬೋರ್ಡು ಅರ್ಧ ಅಳಿಸಿಹೋಗಿದೆ. ಕಲಿಸುವವರು ಐವತ್ತು ದಾಟಿದ ಹೆಂಗಸು. ಮಕ್ಕಳು ಸಾಲಾಗಿ ನಿಂತು ಕೈ ಮುಂದೆ ಚಾಚಿದರು. ಪೂಜೆಯೇನೋ ಎಂದುಕೊಂಡೆ. ಅವರು ಒಂದೊಂದೇ ಕೈ ಹಿಡಿದು ಉಗುರು ನೋಡುತ್ತಾ ಬಂದರು. ಉದ್ದ ಇದ್ದವರಿಗೆ ಕಿಟಕಿಯಲ್ಲಿ ದಾರಕ್ಕೆ ಕಟ್ಟಿದ್ದ ನೇಲ್ ಕಟರ್ ತೋರಿಸಿದರು.

ಆಮೇಲೆ ಪೈಲ್ವಾನಣ್ಣ ಹೇಳಿದ ಹೊತ್ತು ಬಂತು. ಜೋಡಿ. ದಪ್ಪಗಿನ ಹುಡುಗನೊಬ್ಬನಿದ್ದ, ಹತ್ತು ವರ್ಷ ಇರಬಹುದು. ಯಾರೂ ಅವನ ಜೊತೆ ನಿಲ್ಲಲು ಮುಂದೆ ಬರಲಿಲ್ಲ. ಎಲ್ಲರೂ ತಮ್ಮ ತಮ್ಮ ಗೆಳೆಯರ ಕೈ ಹಿಡಿದು ಆಗಿತ್ತು. ಆ ಮೇಡಂ ಏನೂ ಹೇಳಲಿಲ್ಲ, ತಾವೇ ಹೋಗಿ ಅವನೆದುರು ನಿಂತು ಅವನ ಕಾಲರ್ ಹಿಡಿದರು. ಅವನು ಅವರನ್ನು ಎಳೆದ, ಅವರು ಧಡ್ ಎಂದು ಮ್ಯಾಟಿಗೆ ಬಿದ್ದರು. ಹಾಲೆಲ್ಲ ಸದ್ದು. ಎದ್ದು, "ಎಡಗಾಲು ಇನ್ನೊಂಚೂರು ಹತ್ತಿರ" ಎಂದರು. ಎರಡನೇ ಸಲ ಜೋಡಿ ಬದಲಿಸಿ ಎಂದಾಗ ಮೂರು ಮಕ್ಕಳು ಅವನ ಹತ್ತಿರ ಓಡಿದವು.

ಮಗಳು ನನ್ನ ಕಿವಿಯಲ್ಲಿ "ಇಲ್ಲೇ" ಎಂದಳು.

ಹಳೇ ಪೈಲ್ವಾನ, ದಾವಣಗೆರೆ

ಆ ತಾಯಿಗೆ ನನ್ನ ನಮಸ್ಕಾರ ಹೇಳಿ.

ನೇರ ಮಾತು, ತುಮಕೂರು

ಫೀಸೆಷ್ಟು? ಬೆಲ್ಟ್ ಟೆಸ್ಟ್?

ಪುಟ್ಟಿಯ ಅಮ್ಮ, ಮೈಸೂರು

ತಿಂಗಳಿಗೆ 900. ಟೆಸ್ಟು ಯಾವಾಗ ಎಂದು ಕೇಳಿದೆ. "ಅವಳಿಗೆ ಬಂದಾಗ" ಎಂದರು. ಸದ್ಯಕ್ಕೆ ಮತ್ತೆ ಬಿಳಿ ಬೆಲ್ಟು. ಹಸಿರು ಬೆಲ್ಟಿನಿಂದ ನಮ್ಮನೆ ನಾಯಿಗೆ ಹಗ್ಗ ಆಗಿದೆ.

ಒಂದು ಸಣ್ಣ ಪ್ರಶ್ನೆ. ಜೂಡೋ ಡ್ರೆಸ್ಸು ಕಂಬಳಿಯಷ್ಟು ದಪ್ಪ ಇದೆ, ಈ ಮಳೆಯಲ್ಲಿ ಎರಡು ದಿನವಾದರೂ ಒಣಗುತ್ತಿಲ್ಲ. ಏನು ಮಾಡುತ್ತೀರಿ?

ಸ್ಟುಟ್‌ಗಾರ್ಟ್ ಕನ್ನಡತಿ

ಬಿಸಿನೀರು ಹಾಕಬೇಡಿ, ಹತ್ತಿ ಬಟ್ಟೆ, ತೋಳು ಕುಗ್ಗುತ್ತದೆ. ಒಗೆದು ಟವೆಲ್‌ನಲ್ಲಿ ಸುತ್ತಿ ಹಿಂಡಿ, ಫ್ಯಾನ್ ಕೆಳಗೆ ಕೋಲು ತೂರಿಸಿ ನೇತುಹಾಕಿ. ಮುಂದೆ ಬಣ್ಣದ ಬೆಲ್ಟ್ ಬಂದರೆ ಅದನ್ನು ಇದರ ಜೊತೆ ನೆನೆಸಬೇಡಿ. ನಮ್ಮದು ಒಂದು ಸಲ ಪೂರ್ತಿ ಹಳದಿ ಆಗಿದೆ.